ಎಂಬತ್ತು ಕೆಜಿ ಕಮ್ಮಿ

"ಏಳ್ನೂರೈವತ್ತು!" ಅಂತ ವೇಬ್ರಿಡ್ಜ್ ಕಿಟಕಿಯಿಂದ ತಲೆ ಆಚೆ ಹಾಕಿ ಕೂಗಿದ ಮೆಕ್ಯಾನಿಕ್ ಶಿವಕುಮಾರ್.

"ಎಂಬತ್ತು ಕೆಜಿ ಕಮ್ಮಿ," ಅಂದ ತೀರ್ಥಪ್ಪ, ಕಾರಿಂದ ಇಳೀದೆ. ಅಜ್ಜಂಪುರದ ಆ ವೇಬ್ರಿಡ್ಜ್ ನೋಡ್ಕೊಳ್ಳೋನು ಅವನೇ. ಈರುಳ್ಳಿ ಲಾರಿಗಳನ್ನ ತೂಗಿ ತೂಗಿ ಅವನಿಗೆ ಐವತ್ತು ವರ್ಷ ಆಗಿತ್ತು. ಮದುವೆ ಆಗಿರ್ಲಿಲ್ಲ. ಮನೇಲಿ ಅವನ ಜೊತೆ ಜೋರಾಗಿ ಮಾತಾಡೋದು ಅಂತ ಇದ್ದಿದ್ದು ಮಿಕ್ಸಿ ಒಂದೇ.

ಇವತ್ತು ತೂಕಕ್ಕೆ ನಿಂತಿದ್ದು ಅವನದೇ ಎಂಟ್ನೂರು ಸಿಸಿ ಕಾರು. ತರೀಕೆರೆಯ ಶಿವಕುಮಾರ್ ಅದಕ್ಕೆ ಟರ್ಬೋ ಕೂರಿಸಿ ಎಂಟು ದಿನ ಆಗಿತ್ತು. ಅದು ಮೊದಲನೇ ಸಲ ಶಿಳ್ಳೆ ಹಾಕಿದಾಗ ಸ್ಟೇಷನ್ನಲ್ಲಿ ಇಬ್ಬರು ರೈಲು ಬಂತು ಅಂತ ಲಗೇಜ್ ಎತ್ಕೊಂಡು ನಿಂತಿದ್ರಂತೆ. ಅದರಲ್ಲಿ ಒಬ್ಬನ ಹತ್ರ ಟಿಕೆಟ್ಟೇ ಇರ್ಲಿಲ್ವಂತೆ, ಸುಮ್ನೆ ಓಡಿದ್ನಂತೆ.

"ಸಾರ್, ತರೀಕೆರೆ ರಸ್ತೆ ಏರು. ಮೋರಿಯಿಂದ ಹುಣಸೆ ಮರದ ತನಕ ಮೊದ್ಲು ಐವತ್ತೆರಡು ಸೆಕೆಂಡ್ ಹಿಡೀತಿತ್ತು. ಈಗ ಮೂವತ್ತೆಂಟು. ಇನ್ನೇನ್ ಬೇಕು ನಿಮ್ಗೆ?"

"ಐವತ್ತೆರಡು ಬಂದಾಗ ಇಬ್ರು ಕೂತಿದ್ವಿ ಕಣೋ. ಎಂಟ್ನೂರ ಮೂವತ್ತು ಕೆಜಿ, ಚೀಟಿ ಐತೆ. ಈಗ ನಾನೊಬ್ನೇ. ಪವರ್ ಜಾಸ್ತಿ ಆಗಿ ಓಡ್ತೋ, ಜನ ಕಮ್ಮಿ ಆಗಿ ಓಡ್ತೋ, ಹೆಂಗ್ ಹೇಳ್ತೀಯ?" ಟರ್ಬೋದ ಭಾರಕ್ಕೆ ಸರಿಯಾಗಿ ಸ್ಟೆಪ್ನಿ ತೆಗೆದು ಮನೇಲಿಟ್ಟು ಬಂದಿದ್ದ ಮನುಷ್ಯ. ಲೆಕ್ಕ ಅಂದ್ರೆ ಲೆಕ್ಕ.

"ಎಂಬತ್ತು ಕೆಜಿ ಈರುಳ್ಳಿ ಹಾಕಿ, ಆಯ್ತು."

"ಈರುಳ್ಳಿ ಬಾಯ್ಬಿಟ್ಟು ಹೌದಪ್ಪಾ, ಓಡ್ತೈತೆ ಅಂತ ಹೇಳ್ತದೇನೋ?"

"ನಾನೇ ಕೂತ್ಕೋತೀನಿ ಬಿಡಿ. ಅರವತ್ತಿದೀನಿ, ಇಪ್ಪತ್ತು ಕೆಜಿ ತೊಡೆ ಮೇಲಿಟ್ಕೋತೀನಿ."

"ಹಾಕ್ದೋನು ನೀನು. ಹೊಗಳ್ದೆ ಇರ್ತೀಯಾ?"

ಶಿವಕುಮಾರ್ ತೂಕದ ಚೀಟಿ ಹರಿದು ಕೊಟ್ಟ. ಆ ಎಂಬತ್ತು ಕೆಜಿ ಯಾರು ಅಂತ ಅವನಿಗೂ ಗೊತ್ತಿತ್ತು. ಸಖರಾಯಪಟ್ಟಣದ ಚಂದ್ರಶೇಖರ, ತೀರ್ಥಪ್ಪನಿಗೆ ಸ್ನೇಹಿತ ಅಂತ ಇದ್ದೋನು ಅವನೊಬ್ನೇ. ಎರಡು ವರ್ಷದ ಹಿಂದೆ ಪಕ್ಕದ ಸೀಟಲ್ಲಿ ಕೂತು ವಾಚ್ ಹಿಡಿದಿದ್ದ. ಹುಣಸೆ ಮರ ಬಂದ ತಕ್ಷಣ, "ಐವತ್ತೆರಡು. ಇದು ಕಾರಲ್ಲ ಕಣೋ, ಹೊಲಿಗೆ ಮಿಷಿನ್ನು" ಅಂದಿದ್ದ. ತೀರ್ಥಪ್ಪ ಅಲ್ಲೇ ಬ್ರೇಕ್ ಹಾಕಿ, "ಹಂಗಾದ್ರೆ ನಡ್ಕೊಂಡ್ ಬಾ" ಅಂತ ಬಾಗಿಲು ತೆಗೆದಿದ್ದ. ಚಂದ್ರಶೇಖರ ನಡ್ಕೊಂಡೇ ಹೋದ. ಬಿಸಿಲಲ್ಲಿ ನಾಲ್ಕು ಕಿಲೋಮೀಟ್ರು. ಆವತ್ತಿಂದ ಫೋನ್ ಎತ್ತಿಲ್ಲ. ತೀರ್ಥಪ್ಪ ಟರ್ಬೋ ಹಾಕ್ಸಿದ್ದೇ ಆ ಬಾಯಿಂದ ಇನ್ನೊಂದು ಮಾತು ಕೇಳೋಕೆ.

ಊಟಾನೂ ಮಾಡದೆ ಹೊರಟ. ಬೀರೂರು ಬಂತು. ಕಡೂರು ಬಂದಿದ್ದು ಮಾತ್ರ ಹಿಂದಿನ ಕನ್ನಡೀಲಿ ನೋಡಿದ್ಮೇಲೆ ಗೊತ್ತಾಯ್ತು.

ಸಖರಾಯಪಟ್ಟಣದ ಮನೆ ಜಗಲೀಲಿ ಚಂದ್ರಶೇಖರನ ಹೆಂಡ್ತಿ ಸುಲೋಚನಮ್ಮ ಅವರೆಕಾಯಿ ಸುಲೀತಾ ಕೂತಿದ್ರು.

"ಚಂದ್ರು ಇದಾನಾ?"

"ಏನೋ ಶಿಳ್ಳೆ ಅಂತ ಬಗ್ಗಿ ನೋಡಿದ್ರು, ನಿಮ್ ಕಾರು ಕಂಡು ಎದ್ದು ಒಳಗೋದ್ರು. ಮಲಗವ್ರೆ ಅಂತ ಹೇಳು ಅಂದ್ರು."

"ಎಬ್ಬಿಸ್ಬೇಡಿ. ಒಂದು ರೀಡಿಂಗ್ ತಗೋಬೇಕಿತ್ತು, ಎಂಬತ್ತು ಕೆಜಿ ಬೇಕಾಗಿತ್ತು. ಕಾರಲ್ಲಿ ಕೂತ್ರೆ ಸಾಕು, ಮಾತಾಡ್ಬೇಕು ಅಂತೇನಿಲ್ಲ."

ಸುಲೋಚನಮ್ಮ ಒಳಗೆ ಕತ್ತು ತಿರುಗಿಸಿದ್ರು. "ರೀ, ಎಂಬತ್ತು ಕೆಜಿ ಬೇಕಂತೆ ಕಣ್ರೀ."

ಮಲಗಿದ್ದೋನು ಮಲಗಿದ್ದಲ್ಲಿಂದ್ಲೇ ಹೇಳ್ದ. "ಎಪ್ಪತ್ನಾಲ್ಕೇ ಇರೋದು ಅನ್ನು."

"ಎಪ್ಪತ್ನಾಲ್ಕೇ ಇರೋದಂತೆ."

"ಎಪ್ಪತ್ನಾಲ್ಕಾ?" ತೀರ್ಥಪ್ಪ ಜಗಲಿಗೆ ಒಂದು ಕಾಲಿಟ್ಟ. "ಆರು ಕೆಜಿ ಎಲ್ಲೋಯ್ತು?"

"ಶುಗರ್ರು," ಅಂದ್ರು ಸುಲೋಚನಮ್ಮ, ಈ ಸಲ ಒಳಗೆ ಕೇಳದೆ. "ಹೋದ್ ವರ್ಷ ಹದಿನೈದು ದಿನ ಆಸ್ಪತ್ರೇಲಿದ್ರು. ನಿಮ್ಗೆ ಗೊತ್ತಿಲ್ವಾ?"

ಮೂರು ತಾಲ್ಲೂಕಿನ ಲಾರೀಲಿ ಒಂದು ಮೂಟೆ ಹೆಚ್ಚು ಕಮ್ಮಿ ಆದ್ರೆ ಟೈರ್ ನೋಡೇ ಹೇಳೋ ತೀರ್ಥಪ್ಪನಿಗೆ ಈ ಆರು ಕೆಜಿ ಹೋಗಿದ್ದು ಗೊತ್ತಿರ್ಲಿಲ್ಲ. ಜಗಲಿ ಮೇಲಿಟ್ಟ ಕಾಲನ್ನ ಕೆಳಗಿಳಿಸಿದ.

"ಈಗ ಊಟ ಗೀಟ?"

"ಮುದ್ದೆ, ಸೊಪ್ಪು. ಸಿಹಿ ಮುಟ್ಟಂಗಿಲ್ಲ."

"ಆವತ್ತು ನಾನು ಹಂಗೆ ಇಳಿಸಬಾರ್ದಿತ್ತು," ಅಂದ ತೀರ್ಥಪ್ಪ. ಹೇಳಿದ್ದು ಸುಲೋಚನಮ್ಮನಿಗೆ, ಒಳಗಿನ ಬಾಗಿಲಿಗೆ ಕೇಳೋ ಹಂಗೆ.

ಒಳಗೆ ಮಂಚ ಕಿರ್ ಅಂತು. ಸುಲೋಚನಮ್ಮ ಅವರೆಕಾಯಿ ಸುಲಿಯೋದು ನಿಲ್ಲಿಸಿದ್ರು. ತೀರ್ಥಪ್ಪ ಅಂಗಿ ಸರಿಮಾಡ್ಕೊಂಡ. ಯಾರೂ ಬರ್ಲಿಲ್ಲ. ದನಿ ಮಾತ್ರ ಬಂತು.

"ಕಮ್ಮಿ ಬಿದ್ದಿರೋ ಆರು ಕೆಜಿಗೆ ತೆಂಗಿನಕಾಯಿ ಕೊಟ್ಟು ಕಳ್ಸೇ. ಮಿಕ್ಕಿದ್ದು ಇನ್ನೂ ಯೋಚ್ನೆ ಮಾಡ್ತೈತೆ ಅನ್ನು."

ಸುಲೋಚನಮ್ಮ ಹನ್ನೆರಡು ಸುಲಿದ ಕಾಯಿ ತಂದ್ರು. ಡಿಕ್ಕಿ ಹತ್ರ ಹೋದೋರನ್ನ ತೀರ್ಥಪ್ಪ ತಡೆದು, ಪಕ್ಕದ ಸೀಟಲ್ಲಿ ಒಂದೊಂದಾಗಿ ಜೋಡಿಸಿ, ಬೆಲ್ಟ್ ಹಾಕಿದ.

ಮೂರು ತಾಲ್ಲೂಕಲ್ಲೇ ಜೋರಾದ ಕಾರು ಅಜ್ಜಂಪುರದ ತನಕ ಮೂವತ್ತರ ಸ್ಪೀಡಲ್ಲಿ ಹೋಯ್ತು. ಕಡೂರು ಹತ್ರ ಒಂದು ಟ್ರ್ಯಾಕ್ಟರ್ ಹಾರ್ನ್ ಹೊಡ್ದು ಮುಂದಕ್ಕೆ ಹೋಯ್ತು. ತೀರ್ಥಪ್ಪ ಆ ಕಡೆ ನೋಡ್ಲೇ ಇಲ್ಲ. ತಿರುವು ಬಂದಾಗೆಲ್ಲ ಗೇರಿಂದ ಎಡಗೈ ತೆಗೆದು ಕಾಯಿಗಳನ್ನ ಹಿಡ್ಕೋತಿದ್ದ.