ಒಂದೇ ಒಂದು ಟೇಪು

ನಲವತ್ತು ವರ್ಷಗಳ ಹಿಂದೆ ಕ್ಲಬ್ಬೊಂದರಲ್ಲಿ ಆಲ್ಬನ್ ರೆಬೆಲ್ಲೊ ಸ್ಯಾಕ್ಸೋಫೋನ್ ನುಡಿಸಿದ್ದನ್ನು ಕೇಳಿದ ಮೇಲೆ ಭುಜಂಗರಾಯರಿಗೆ ಬೇರೆ ಯಾರ ಜಾಝ್ ಕೂಡ ರುಚಿಸಲಿಲ್ಲ. ಮನೆ ತುಂಬ ರೆಕಾರ್ಡುಗಳಿದ್ದವು, ಆಲ್ಬನ್‌ನದು ಮಾತ್ರ ಒಂದೂ ಇರಲಿಲ್ಲ. ಆತ ತೀರಿಕೊಂಡ ಸುದ್ದಿ ತಿಳಿದು, ಅಂದು ತಾವು ಮುಂದಿನ ಸಾಲಿನಲ್ಲೇ ಕೂತಿದ್ದೆವೆಂದು ಆತನ ಮಗಳು ಐರಿನ್‌ಗೆ ಕಾಗದ ಬರೆದರು. ಆ ದಿನದ್ದೇ ಒಂದು ಟೇಪು ಉಳಿದಿದೆ, ಬನ್ನಿ ಎಂದು ಉತ್ತರ ಬಂತು.

ರಾಯರು ಮನೆಗೆ ಬಂದು ಕೂತ ಮೇಲೆ ಐರಿನ್ ಟೇಪು ಹಾಕಿದಳು. ಸ್ಯಾಕ್ಸೋಫೋನ್ ಮೆಲ್ಲಗೆ ಎದ್ದಿತು. ರಾಯರ ಕಣ್ಣು ತುಂಬಿತು. ಆಲ್ಬನ್ ಒಬ್ಬನೇ ನುಡಿಸುವ ಭಾಗ ಬರುತ್ತಿದ್ದಂತೆ, ಟೇಪಿನಲ್ಲಿ ಮೈಕಿನ ಪಕ್ಕದಲ್ಲೇ ಯುವಕನೊಬ್ಬ ಗೆಳೆಯನಿಗೆ ಜೋರಾಗಿ ವಿವರಿಸತೊಡಗಿದ.

"ಈಗ ಹೇಗೆ ತಿರುಗಿಸ್ತಾನೆ ಕೇಳು. ಇಂಥವನು ಇನ್ನೊಬ್ಬ ಹುಟ್ಟಲ್ಲ ಕಣೋ."

ಮಾತು ನಿಲ್ಲಲೇ ಇಲ್ಲ. ವಾದ್ಯ ಅದರಡಿ ಹೂತುಹೋಯಿತು. ರಾಯರು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದು ಕೂತರು.

"ಟೇಪು ಇಲ್ಲಿಗೆ ಬಂದ ಕೂಡ್ಲೇ ಪಪ್ಪ ಆಫ್ ಮಾಡ್ತಿದ್ರು," ಎಂದಳು ಐರಿನ್. "ಆಮೇಲೆ ರೆಕಾರ್ಡಿಂಗ್ ಅಂದ್ರೆ ಯಾರು ಕರೆದ್ರೂ ಹೋಗ್ಲಿಲ್ಲ. ಅವತ್ತು ನೀವೂ ಇದ್ರಲ್ಲ ಅಂಕಲ್, ಇದು ಯಾರ ದನಿ ಅಂತ ಗೊತ್ತಾಗುತ್ತಾ?"

ಬಾಯಿ ತೆರೆದರೆ ಗುರುತು ಸಿಕ್ಕೀತೆಂದು ರಾಯರು ಇಲ್ಲವೆಂಬಂತೆ ತಲೆಯಾಡಿಸಿದರು.