ಬೇವಿನ ಹಲಗೆ ಆಡಿದ ಮಾತು

ಕುಯ್ದರೆ ಮರ ತಾನು ಕೇಳಿಸಿಕೊಂಡದ್ದನ್ನೆಲ್ಲ ಆಡಿಬಿಡುತ್ತದೆ ಎಂಬುದು ಊರಿಗೆಲ್ಲ ಗೊತ್ತಿದ್ದದ್ದೇ. ಅದಕ್ಕೇ ದಾಕ್ಷಾಯಿಣಿ ಕಾರ್ ಶೆಡ್ಡಿನಲ್ಲಿ ಕಂಪ್ಯೂಟರಿನಿಂದ ನಡೆಯುವ ಕೆತ್ತನೆಯ ಸಿಎನ್‌ಸಿ ಯಂತ್ರ ಜೋಡಿಸಿದ ಮೇಲೂ, ಮರದ ಹೊಟ್ಟು ಹೀರುವ ವ್ಯವಸ್ಥೆಗೆಂದು ಇನ್ನೆರಡು ತಿಂಗಳು ಒದ್ದಾಡಿದ್ದಳು. ಹಳೇ ವ್ಯಾಕ್ಯೂಮ್ ಕ್ಲೀನರು, ಪೇಂಟಿನ ಬಕೆಟ್ಟು, ಒಂದು ಪೈಪು. ಹೊಟ್ಟು ಬಕೆಟ್ಟಿಗೆ ಬಿದ್ದರೆ ಮಾತೂ ಅಲ್ಲೇ ಅಡಗುತ್ತದೆ.

ಮೊದಲ ಗಿರಾಕಿ ಎದುರುಮನೆಯ ಓಂಕಾರಪ್ಪ. ಬಾಗಿಲಿಗೆ ಹೆಸರಿನ ಬೋರ್ಡು ಬೇಕಿತ್ತು. ತಂದ ಹಲಗೆ ಅವರ ಹೆಂಡತಿಯ ತವರುಮನೆ ಮುಂದಿದ್ದ ಬೇವಿನ ಮರದ್ದು.

"ಒಂದು ಚೂರು ಹೊಟ್ಟೂ ಆಚೆ ಹೋಗ್ಬಾರ್ದು ಕಣಮ್ಮ," ಎಂದು ಮೂರು ಸಲ ಹೇಳಿದರು.

"ನೋಡ್ತಾ ಇರಿ ಅಂಕಲ್," ಎಂದು ಅವಳು ಗುಂಡಿ ಒತ್ತಿದಳು.

ಪೈಪನ್ನು ಕ್ಲೀನರಿನ ಹೀರುವ ಬಾಯಿಗೆ ಸಿಕ್ಕಿಸುವ ಬದಲು ಅವಸರದಲ್ಲಿ ಗಾಳಿ ಊದುವ ಬಾಯಿಗೆ ಸಿಕ್ಕಿಸಿದ್ದಳು. 'ಓಂ' ಕೆತ್ತುವಷ್ಟರಲ್ಲಿ ಹೊಟ್ಟು ಬೀದಿ ತುಂಬ ಹಾರಿ, ಹರೆಯದ ಓಂಕಾರಪ್ಪನವರ ದನಿಯಲ್ಲಿ ತೊದಲತೊಡಗಿತು: "ಮಂಗಳಾ ಅವ್ರೇ, ನೀವು ಒಪ್ದೇ ಇದ್ರೆ ನಾನು ಊಟ ಬಿಡ್ತೀನಿ... ಛೆ, ಹೀಗಲ್ಲ. ಮಂಗಳಾ ಅವ್ರೇ, ದಯವಿಟ್ಟು..."

ಗಂಡನಿಗೆ ಕಾಫಿ ತಂದಿದ್ದ ಮಂಗಳಮ್ಮ ಗೇಟಿನಲ್ಲೇ ನಿಂತರು. ಮೂವತ್ತು ವರ್ಷದಿಂದ ಓಂಕಾರಪ್ಪ ಅವರಿಗೆ ಹೇಳಿಕೊಂಡು ಬಂದದ್ದೇ ಬೇರೆ: "ನಿಮ್ಮಪ್ಪ ಕಾಲು ಹಿಡಿದ್ರು, ಪಾಪ ಅಂತ ಒಪ್ಕೊಂಡೆ."

ದಾಕ್ಷಾಯಿಣಿ ಗಾಬರಿಯಿಂದ ಪೈಪಿಗೆ ಕೈಹಾಕಿದಳು.

"ಪೈಪು ಹಾಗೇ ಇರ್ಲಿ ಬಿಡೇ," ಎಂದ ಮಂಗಳಮ್ಮ, ಗಂಡನ ಕಾಫಿಯನ್ನು ತಾವೇ ಒಂದು ಗುಟುಕು ಕುಡಿದರು. "ನನ್ನ ಹೆಸರೂ ಸೇರಿಸಿ ಕೆತ್ತು. ಅಕ್ಷರ ಸ್ವಲ್ಪ ಆಳವಾಗೇ ಇರ್ಲಿ."