ಇಲ್ಲಿ ಹುಟ್ಟಿದವಳು

"ಎದೆಗೊತ್ತಿ ಹಿಡ್ಕೊಳೇ," ಗ್ಲೆಬ್ ತುಟಿ ಅಲುಗಿಸದೆ ಹೇಳಿದ. "ತರಕಾರಿ ಚೀಲ ಹಿಡ್ದಂಗೆ ಹಿಡ್ದಿದೀಯ. ಜನ ನೋಡ್ತಿದಾರೆ."

ವರ್ವಾರಾ ಹಿಡಿತ ಬದಲಿಸಲಿಲ್ಲ. ಬ್ಯೂನಸ್ ಐರಿಸ್‌ನ ಜನವರಿ ಸೆಕೆ. ವಲಸೆ ಕಚೇರಿಯ ಪಡಸಾಲೆಯಲ್ಲಿ ಬೆವರು, ಕರಿದ ತಿಂಡಿ, ಒದ್ದೆ ಲಂಗೋಟಿಗಳ ವಾಸನೆ. ಅದೆಲ್ಲ ಅವಳಿಗೆ ಸಹ್ಯವಾಗಿತ್ತು. ಸಹಿಸಲಾಗದಿದ್ದದ್ದು ಗಂಡನ ಮೈಯಿಂದ ಬರುತ್ತಿದ್ದ ಅತ್ತರಿನ ಘಮ. ಹೊರಡುವ ಮುನ್ನ ಕನ್ನಡಿಯ ಮುಂದೆ ನಿಂತು, ಕತ್ತಿಗೆ, ಮಣಿಕಟ್ಟಿಗೆ, ನಿಧಾನವಾಗಿ ಹಚ್ಚಿಕೊಂಡಿದ್ದ. ಮದುವೆಗೆ ಹೊರಟವನ ಹಾಗೆ.

ಅವರು ತಮ್ಮೂರು ಸಮಾರಾ ಬಿಟ್ಟು ಬಂದಾಗ ಅವಳು ತುಂಬು ಬಸುರಿ. ಗ್ಲೆಬ್‌ಗೆ ಯುದ್ಧಕ್ಕೆ ಕರೆ ಬಂದಿತ್ತು. ಅವನ ಜೊತೆ ಕಾರ್ಖಾನೆಯಲ್ಲಿದ್ದವನೊಬ್ಬ ಹೋಗಿ, ಎರಡೂ ಕಾಲು ಕಳೆದುಕೊಂಡು ಮರಳಿದ್ದ. ಇಲ್ಲಿ ಹುಟ್ಟಿದ ಮಗು ಇಲ್ಲಿಯ ಪ್ರಜೆ. ಅದರ ಅಪ್ಪ ಅಮ್ಮ ಇಲ್ಲೇ ಉಳಿಯಬಹುದು. ವಿಮಾನದಲ್ಲಿ ಗ್ಲೆಬ್ ಅವಳ ಹೊಟ್ಟೆ ಸವರುತ್ತ, "ನಮ್ಮ ಪುಟಾಣಿ ಪಾಸ್‌ಪೋರ್ಟ್ ಒದೀತಿದೆ ನೋಡು," ಎಂದಿದ್ದ. ಆಗ ಅವಳು ನಕ್ಕಿದ್ದಳು.

ಮಗು ಮುಲುಗಿತು. ಅವಳು ಎದೆಗೆ ಬಿಗಿಯಾಗಿ ಸುತ್ತಿಕೊಂಡಿದ್ದ ಬಟ್ಟೆ ಥಟ್ಟನೆ ಒದ್ದೆಯಾಯಿತು. ಅವಳು ಹಲ್ಲು ಕಚ್ಚಿದಳು. ಗ್ಲೆಬ್ ಚೀಲದಿಂದ ಬಾಟಲಿ ತೆಗೆದು ಮಗುವಿನ ಬಾಯಿಗಿಟ್ಟ.

ಪಕ್ಕದಲ್ಲಿ ಕೂತಿದ್ದ ಪರಾಗ್ವೆಯ ಅಜ್ಜಿಗೆ ಇದು ಹಿಡಿಸಲಿಲ್ಲ. "ಬಾಟ್ಲಿ ಯಾಕಮ್ಮ? ಅಂಗಿ ನೆನೆಯೋವಷ್ಟು ಹಾಲಿದೆಯಲ್ಲ."

"ಡಾಕ್ಟರು ಹಾಲು ನಿಲ್ಲಿಸೋಕೆ ಹೇಳಿದಾರೆ," ಎಂದಳು ವರ್ವಾರಾ.

"ಡಾಕ್ಟರಿಗೇನು, ಅವರು ಹೆತ್ತಿದಾರಾ?" ಅಜ್ಜಿ ಕೈ ಚಾಚಿ ಮಗುವಿನ ಕುಲಾವಿಯ ಅಂಚನ್ನು ಸರಿಸಿದಳು. "ಅಯ್ಯೋ, ಈ ಸೆಕೇಲಿ ಕುಲಾವಿ. ಹೆಸರೇನು ಕಂದಂದು?"

"ಆಗಾತಾ," ಗ್ಲೆಬ್ ಮಧ್ಯೆ ಬಾಯಿ ಹಾಕಿದ. ಅವನಿಗೆ ಬರುತ್ತಿದ್ದ ಸ್ಪ್ಯಾನಿಷ್ ಅಷ್ಟಕ್ಕಷ್ಟೆ.

"ಹೆಣ್ಣುಮಗು ಕಿವಿ ಬೋಳಾಗಿದೆ. ನಮ್ಮಲ್ಲಿ ಹುಟ್ಟಿದ ವಾರದಲ್ಲೇ ಚುಚ್ತೀವಿ. ಕೊಡು ಇಲ್ಲಿ, ಒದ್ದೆ ಆಗಿದೆ ಅನ್ಸುತ್ತೆ, ನಾನು ಬದಲಾಯಿಸ್ತೀನಿ. ನಿಂಗೆ ಇನ್ನೂ ಕೈ ಪಳಗಿಲ್ಲ."

"ಬೇಡ, ಬೇಡ," ಗ್ಲೆಬ್ ಹಾರಿ ಎದ್ದ. ಮಗುವನ್ನು ಹೆಂಡತಿಯ ಕೈಯಿಂದ ಕಿತ್ತುಕೊಂಡು ಎದೆಗಪ್ಪಿದ. ಮುದ್ದಾಡಿದ. ಹಣೆಗೆ ಮುತ್ತಿಟ್ಟ.

"ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು," ಎಂದಳು ಅಜ್ಜಿ, ವರ್ವಾರಾಳನ್ನು ಓರೆಗಣ್ಣಿನಿಂದ ಅಳೆಯುತ್ತ. ಮಗುವಿನ ಮುಖವನ್ನೂ ನೋಡದ ಇವಳೆಂಥ ತಾಯಿ ಎಂಬುದು ಆ ನೋಟದಲ್ಲಿತ್ತು.

ಅವರ ಸರದಿ ಬಂತು. ಮೇಜಿನಾಚೆ ಕೂತಿದ್ದ ನೇಲಿದಾ ಎಂಬ ಅಧಿಕಾರಿಗೆ ಐವತ್ತರ ಮೇಲಾಗಿತ್ತು. ಕಾಗದಗಳಿಗಿಂತ ಮೊದಲು ಮಗುವನ್ನೇ ನೋಡಿದಳು. ಕನ್ನಡಕ ಹಣೆಗೇರಿಸಿ ನಕ್ಕಳು.

"ಅಪ್ಪಂದೇ ಮೂಗು."

"ಎಲ್ಲರೂ ಅದನ್ನೇ ಅಂತಾರೆ," ಎಂದು ಗ್ಲೆಬ್ ಹಲ್ಲುಬಿಟ್ಟ.

ವರ್ವಾರಾ ನೆಲ ನೋಡಿದಳು. ಇವನಿಗೆ ನಾಚಿಕೆ ಎಂಬುದೇ ಇಲ್ಲ. ಆ ನಗುವಿನ ಮೇಲೆ ಉಗಿಯಬೇಕೆನಿಸಿತು. ಆದರೆ ಉಗಿಯದೆ ಇಲ್ಲಿ ಕೂತಿರುವ ತನ್ನ ಮೇಲೆ ಅದಕ್ಕಿಂತ ಹೆಚ್ಚು ಹೇಸಿಗೆ. ಬೆಳಿಗ್ಗೆ ಈ ಕುಲಾವಿಯ ದಾರ ಕಟ್ಟಿದ್ದು ತನ್ನ ಕೈಯೇ ತಾನೆ.

"ಇಲ್ಲೇ ಹುಟ್ಟಿದ್ದಾ?" ನೇಲಿದಾ ಅವಳತ್ತ ತಿರುಗಿದಳು.

"ಹೌದು. ಆಗಾತಾ ಇಲ್ಲೇ ಹುಟ್ಟಿದಳು."

"ರಾತ್ರಿ ನಿದ್ದೆ ಮಾಡೋಕೆ ಬಿಡ್ತಾಳಾ? ನನ್ನ ಮೊಮ್ಮಗ ಇಡೀ ಬೀದಿ ಎಬ್ಬಿಸ್ತಾನೆ."

"ಅವಳು ಸದ್ದೇ ಮಾಡಲ್ಲ."

"ಅದೃಷ್ಟವಂತರು ಬಿಡಿ." ನೇಲಿದಾ ಒಂದೆರಡು ಹಾಳೆ ಮಗುಚಿದಳು. ದನಿ ಸ್ವಲ್ಪ ಗಡುಸಾಯಿತು. "ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ದೇಶದವರು ಬರ್ತಾರೆ, ಹೆರ್ತಾರೆ, ಕಾಗದ ಕೈಗೆ ಸಿಕ್ಕಿದ್ದೇ ವಿಮಾನ ಹತ್ತುತಾರೆ. ಈ ದೇಶ ಅಂದ್ರೆ ಏನು, ಧರ್ಮಛತ್ರವಾ? ನೀವೂ ಹಾಗೇನಾ?"

ಗ್ಲೆಬ್‌ನ ಮುಖ ಬಿಳಿಚಿತು. ಮೇಜಿನಡಿ ಅವನ ಬೂಟು ಅವಳ ಪಾದವನ್ನು ಒತ್ತಿತು. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

"ಇವರ ವಿಷಯ ನಂಗೊತ್ತಿಲ್ಲ," ಎಂದಳು. "ನಾನು ಹೋಗಲ್ಲ. ನೀವು ಕಾಗದ ಕೊಡದೆ ಇದ್ರೂ ಯಾವುದಾದರೂ ಮೂಲೇಲಿ ಬಚ್ಚಿಟ್ಕೊಂಡು ಇಲ್ಲೇ ಇರ್ತೀನಿ. ಇದು ಆಗಾತಾಳ ಮಣ್ಣು. ಅವಳನ್ನ ಬಿಟ್ಟು ನಾನೆಲ್ಲಿಗೂ ಹೋಗಲ್ಲ."

ನೇಲಿದಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮೊಹರು ಒತ್ತಿದಳು.

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಬೀದಿ ದಾಟುವಷ್ಟರಲ್ಲೇ ಗ್ಲೆಬ್ ಗಟ್ಟಿಯಾಗಿ ಉಸಿರುಬಿಟ್ಟು, ಮಗುವನ್ನು ಅವಳ ಕೈಗೆ ಹಾಕಿದ.

"ಏನು ಮಾತಾಡಿದ್ಯೇ ವಾರ್ಯಾ. ಆ ಹೆಂಗಸು ಅತ್ತೇ ಬಿಟ್ಳು. ನಾನೇ ನಂಬಿಬಿಟ್ಟೆ."

"ಒಂದು ಮಾತೂ ಸುಳ್ಳು ಹೇಳಲಿಲ್ಲ ನಾನು."

ಅವನು ಹೆಗಲ ಮೇಲೆ ಕೈಯಿಡಲು ಬಂದ.

"ಮುಟ್ಟಬೇಡ. ಆ ವಾಸನೆಗೆ ವಾಂತಿ ಬರುತ್ತೆ."

ಮರದ ನೆರಳಿನಿಂದ ಒಬ್ಬಳು ಹೆಚ್ಚುಕಡಿಮೆ ಓಡುತ್ತಲೇ ಬಂದಳು. ಅವರ ಮೇಲಿನ ಮಹಡಿಯಲ್ಲಿದ್ದ ಕ್ಸೇನ್ಯಾ. ಬರುಬರುತ್ತಲೇ ಅಂಗಿಯ ಗುಂಡಿ ಬಿಚ್ಚುತ್ತಿದ್ದಳು.

"ಕೊಡು, ಕೊಡು. ಇಷ್ಟು ಹೊತ್ತಾ? ನನ್ನ ಮಗ ಹಸಿದು ಸತ್ತೇ..." ಎಂದವಳು ಥಟ್ಟನೆ ನಾಲಿಗೆ ಕಚ್ಚಿಕೊಂಡಳು.

ವರ್ವಾರಾ ಕುಲಾವಿಯ ದಾರ ಬಿಚ್ಚಿ, ಗಂಡುಮಗುವನ್ನು ಅದರ ತಾಯಿಯ ಕೈಗಿತ್ತಳು. ಎದುರು ಬಂದ ಟ್ಯಾಕ್ಸಿಗೆ ಕೈಯಡ್ಡ ಹಿಡಿದು, ಒಬ್ಬಳೇ ಹತ್ತಿ, ಬಾಗಿಲೆಳೆದುಕೊಂಡಳು.

"ಚಕರೀತಾ ಸ್ಮಶಾನಕ್ಕೆ," ಎಂದಳು. "ಮಗಳು ಒಬ್ಬಳೇ ಇದ್ದಾಳೆ."